ಬ್ರೆಜಿಲ್ಲಿಗೆ ಮೂರು ನಿಮಿಷ

ಕರಿಮಣಿ ಸರ ಬಿಗಿಯಾಯಿತು. ಮೊದಲು ಗೊತ್ತಾದದ್ದು ಅಷ್ಟೇ.

ತೀರಿಹೋದ ನಮ್ಮತ್ತೆ ಮದುವೆಯಲ್ಲಿ ಹಾಕಿದ ಸರ ಅದು, ಕೊರಳ ಬುಡಕ್ಕೇ ಕೂರುವ ಗಿಡ್ಡ ಸರ. ಒಂಬತ್ತು ವರ್ಷದಲ್ಲಿ ಅದು ಕೊರಳಲ್ಲಿದೆ ಎನ್ನುವುದೇ ಮರೆತುಹೋಗಿತ್ತು. ಅವತ್ತು ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ನೋಡಿದರೆ ಮಣಿಗಳು ಚರ್ಮಕ್ಕೆ ಒತ್ತಿ ಗುರುತು ಬಿದ್ದಿತ್ತು. ಮೈ ಬಂದಿದೆ ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು. ತಾಳಗುಂದಕ್ಕೆ ಸೊಸೆಯಾಗಿ ಬಂದ ದಿನದಿಂದ ನನ್ನನ್ನು ಕಡ್ಡಿ ಎಂದೇ ಆಡಿಕೊಂಡಿದ್ದರು. ದಾರ ಬಿಚ್ಚಿ, ಎರಡು ಬೆರಳು ಉದ್ದ ಮಾಡಿ, ಮತ್ತೆ ಪೋಣಿಸಿಕೊಂಡೆ.

ಎರಡು ತಿಂಗಳಿಗೆ ಮತ್ತೆ ಬಿಚ್ಚಬೇಕಾಯಿತು. ಮೈ ಬಂದಿರಲಿಲ್ಲ. ತೋಳು ಹಾಗೇ ಕಡ್ಡಿ, ಕೆನ್ನೆ ಹಾಗೇ ಒಳಗೆ. ಬಂದದ್ದು ಕುತ್ತಿಗೆಯೊಂದೇ.

ಆಗ ಮನೆಯಲ್ಲಿ ನಾವಿಬ್ಬರೇ, ಮಾವ ಮತ್ತು ನಾನು. ನಮ್ಮ ಮನೆಯವರು ಬ್ರೆಜಿಲ್ ದೇಶದಲ್ಲಿದ್ದರು. ಅವರು ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಆ ದೇಶದ ಸಾಹುಕಾರನೊಬ್ಬ ಗುಜರಾತಿನ ಕಡೆ ಹನ್ನೆರಡು ಹೋರಿ ಕೊಂಡು, ಅವನ್ನು ಹಡಗಿನಲ್ಲಿ ಜೋಪಾನವಾಗಿ ಒಯ್ದು, ಎರಡು ವರ್ಷ ಅಲ್ಲೇ ಇದ್ದು ನೋಡಿಕೊಳ್ಳಲು ಜನ ಬೇಕೆಂದು ಬೊಂಬಾಯಿಯಲ್ಲಿ ಹುಡುಕಿದನಂತೆ. ಇವರ ದೊಡ್ಡ ಡಾಕ್ಟರು ಇವರ ಹೆಸರು ಹೇಳಿದರು. ಮಾವನಿಗೆ ಹೆಮ್ಮೆಯೋ ಹೆಮ್ಮೆ. ಅವರೂ ಒಂದು ಕಾಲದಲ್ಲಿ ದನದ ವ್ಯಾಪಾರ ಮಾಡಿದವರು, ಬಾಯಿ ತೆರೆಸಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು. "ನನ್ನ ಮಗ ಹೋರಿ ಸಂಗಾಟ ಸಮುದ್ರ ದಾಟ್ಯಾನ" ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಮನೆಯವರಿಗೆ ಕಾಗದ ಬರೆಯುವುದು ನಾನೇ, ಆದರೆ ಹೇಳಿ ಬರೆಸುವುದು ಮಾವ. ಪ್ರತಿ ಸಲ ಅದೇ ಮಾತು. ಇಲ್ಲಿ ನಾವೆಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು. ಒಂದು ಸಲ ಧೈರ್ಯ ಮಾಡಿ ಕೇಳಿದೆ.

"ಗಂಟಲು ಬಾತೈತಿ ಅಂತ ಒಂದು ಸಾಲು ಬರೀಲಾ ಮಾವಾ?"

"ಪರದೇಶದಾಗ ಇದ್ದೋನಿಗೆ ಬ್ಯಾನಿ ಸುದ್ದಿ ಬರಿಬಾರದವ್ವಾ. ಅಲ್ಲಿ ಅವನು ಏನು ಮಾಡ್ಯಾನು? ಊಟ ಬಿಡ್ತಾನ, ಅಷ್ಟ."

ಬರೆಯಲಿಲ್ಲ. ಎಲ್ಲರೂ ಕ್ಷೇಮ ಎಂದು ನನ್ನ ಕೈಯಾರೆ ಬರೆದು, ಮಡಚಿ, ನಾಲಗೆಯಿಂದ ಅಂಚು ಒದ್ದೆ ಮಾಡಿ ಅಂಟಿಸಿದೆ. ಆ ಹೊತ್ತಿಗೆ ಉಗುಳು ನುಂಗುವುದೇ ಕಷ್ಟವಾಗಿತ್ತು.

ಆಮೇಲೆ ಉಸಿರು ಕೂಗತೊಡಗಿತು. ಮಲಗಿದರೆ ಸಾಕು, ಗಂಟಲೊಳಗೆ ಯಾರೋ ಸಣ್ಣಗೆ ಪೀಪಿ ಊದಿದ ಹಾಗೆ. ಎಡಕ್ಕೆ ಹೊರಳಿದರೆ ಒಂದು ಸ್ವರ, ಬಲಕ್ಕೆ ಹೊರಳಿದರೆ ಇನ್ನೊಂದು. ಅಂಗಾತ ಮಲಗಿದರೆ ಸ್ವರವೇ ಇಲ್ಲ, ಉಸಿರೂ ಇಲ್ಲ. ಗೋಡೆಗೆ ಭತ್ತದ ಚೀಲ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುವುದನ್ನು ಕಲಿತೆ. ಅದನ್ನು ನಿದ್ದೆ ಎನ್ನಬಹುದಾದರೆ. ನನ್ನ ಮೈಯೇ ಒಂದು ಕೋಣೆಯಾಗಿ, ಅದರ ಒಂದೇ ಒಂದು ಬಾಗಿಲು ದಿನಕ್ಕಿಷ್ಟು ಮುಚ್ಚಿಕೊಳ್ಳುತ್ತಿರುವಂತೆ ಅನಿಸುತ್ತಿತ್ತು. ಬಾಗಿಲು ತಳ್ಳಲು ಕೈ ಬೇಕು, ಕೈಯೂ ಆ ಕೋಣೆಯ ಒಳಗೇ ಇದೆ. ಈ ಯೋಚನೆ ಹತ್ತಿದರೆ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದೆ.

ಉಳವಿಯಿಂದ ಅಣ್ಣ ಬಂದ. ನನ್ನ ಒಡಹುಟ್ಟಿದವನು ಅವನೊಬ್ಬನೇ. ಬಾಗಿಲಲ್ಲೇ ನಿಂತ. ಚಪ್ಪಲಿ ಬಿಡಲಿಲ್ಲ.

"ಎಂತದೇ ಇದು ಕುತ್ತಿಗೇಲಿ? ಯಾರಿಗೂ ಕಣ್ಣಿಲ್ವನೇ ಈ ಮನೇಲಿ?"

ಮಾರನೆಯ ದಿನವೇ ಶಿಕಾರಿಪುರಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರು ಮುಟ್ಟಿ ನೋಡಿ, ಚೀಟಿ ಬರೆದು, ದೊಡ್ಡ ಊರಿನ ಸರ್ಜನ್ ಹತ್ತಿರ ಕಳಿಸಿದರು. ಅಲ್ಲಿ ಎಕ್ಸ್-ರೇ ತೆಗೆದರು. ಸರ್ಜನ್ ಆ ಕರಿ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಬೆಳ್ಳನೆಯ ನೆರಳಿನ ಮಧ್ಯೆ ಒಂದು ಕಪ್ಪನೆಯ ದಾರಿ, ಅದು ಒಂದು ಕಡೆ ಬಾಗಿ, ಸಪೂರವಾಗಿ ನೂಲಿನಂತಾಗಿತ್ತು.

"ಇದು ವಿಂಡ್‌ಪೈಪ್. ನಿಮ್ಮ ಉಸಿರಿನ ದಾರಿ. ಥೈರಾಯ್ಡ್ ಗಡ್ಡೆ ಎದೆಮೂಳೆಯ ಹಿಂದಕ್ಕೂ ಇಳಿದು ಇದನ್ನು ಒತ್ತುತ್ತಾ ಇದೆ. ಆಪರೇಶನ್ ಮಾಡಿ ತೆಗೆಯಬೇಕು."

"ಮಾಡದಿದ್ದರೆ?" ಅಣ್ಣ ಕೇಳಿದ.

ಅವರು ಹಾಳೆಯನ್ನು ಕೆಳಗಿಟ್ಟರು. "ಒಂದು ದಿನ ಸಾಧಾರಣ ನೆಗಡಿ ಬಂದರೂ ಸಾಕು."

ಆಮೇಲೆ ನನ್ನ ಕಡೆ ನೋಡಿ ಇನ್ನೊಂದು ಮಾತು ಹೇಳಿದರು. ಗಂಟಲ ದನಿ ಆಡಿಸುವ ನರ ಈ ಗಡ್ಡೆಗೆ ಅಂಟಿಕೊಂಡೇ ಹೋಗುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಅದಕ್ಕೆ ಪೆಟ್ಟಾಗಬಹುದು. ಪೆಟ್ಟಾದರೆ ದನಿ ಹೋಗಬಹುದು.

ದನಿ ಹೋಗಬಹುದು.

"ಮನೆಯವರ ಕನ್ಸೆಂಟ್ ಬೇಕು, ಒಪ್ಪಿಗೆಯ ಸಹಿ. ಗಂಡ ಎಲ್ಲಿ?" ಎಂದರು.

ಗಂಡ ಬ್ರೆಜಿಲ್ಲಿನಲ್ಲಿ ಎಂದಾಗ ಕನ್ನಡಕ ತೆಗೆದು ಒಮ್ಮೆ ನಮ್ಮಿಬ್ಬರನ್ನೂ ನೋಡಿದರು. "ಹಾಗಿದ್ದರೆ ಮಾವನವರನ್ನು ಕರಕೊಂಡು ಬನ್ನಿ" ಎಂದರು.

ಮಾವ ಬರಲಿಲ್ಲ. ಎತ್ತಿಗೆ ಮೇವು ಹಾಕುತ್ತಾ ನಿಂತರು, ಅಣ್ಣ ಹೇಳಿದ್ದೆಲ್ಲ ಕೇಳಿದರು, "ನಾ ಸಹಿ ಹಾಕೂದಿಲ್ಲ" ಎಂದರು. ಅಷ್ಟೇ. ಯಾಕೆಂದು ನನಗೆ ಗೊತ್ತಿತ್ತು. ಅಣ್ಣನಿಗೆ ಗೊತ್ತಿರಲಿಲ್ಲ. ನಾನು ಈ ಮನೆಗೆ ಬರುವ ಮೊದಲು ಅವರ ಕಿರಿಯ ಮಗಳಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ಮಾವ. ಹುಡುಗಿ ಟೇಬಲ್ಲಿನಿಂದ ಎದ್ದು ಬರಲಿಲ್ಲ. ಆಮೇಲೆ ಸಹಿ ಮಾಡಲು ಕಲಿತರಂತೆ, ಆದರೆ ಜಮೀನಿನ ಕಾಗದಕ್ಕಲ್ಲದೆ ಇನ್ನಾವುದಕ್ಕೂ ಮಾಡಿದವರಲ್ಲ.

ನಾನು ಅಣ್ಣನ ಮುಖ ನೋಡಿದೆ. ಅವನು ನೆಲ ನೋಡಿದ.

"ನಾ ಹಾಕ್ಬೋದು ಮಾರಾಯ್ತಿ. ನಾಳೆ ಹೆಚ್ಚುಕಮ್ಮಿ ಆದ್ರೆ ಭಾವ ಬಂದು, ನನ್ನ ಹೆಂಡ್ತಿ ಕುತ್ತಿಗೆ ಕುಯ್ಸೋಕೆ ನೀನ್ಯಾರು ಅಂದ್ರೆ? ಎರಡೂ ಮನೆ ಮುಖ ನೋಡೋದು ಬಿಡ್ತವೆ. ಭಾವಂದು ಒಂದ್ ಮಾತು ಬರ್ಲಿ. ಒಂದೇ ಮಾತು."

ಹೀಗೆ ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತರು. ಕಟ್ಟಕಡೆಗೆ ನಿಂತವರು ಏಳು ಸಮುದ್ರದ ಆಚೆ ಹೋರಿಗಳ ಮೈ ತಿಕ್ಕುತ್ತಿದ್ದರು, ಇಲ್ಲಿ ಎಲ್ಲರೂ ಕ್ಷೇಮ ಎಂದು ನಂಬಿಕೊಂಡು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಎಲ್ಲರ ಮೇಲೂ ಮಾಡಿದೆ, ಮನಸ್ಸಿನೊಳಗೆ. ಹೊರಗೆ ಮಾಡಲು ಉಸಿರಿರಲಿಲ್ಲ.

ತಂತಿ ಕೊಟ್ಟೆವು. ಹನ್ನೊಂದು ದಿನಕ್ಕೆ ಆ ಸಾಹುಕಾರನ ಆಫೀಸಿನಿಂದ ಉತ್ತರ ಬಂತು, ಇಂಗ್ಲಿಷಿನಲ್ಲಿ. ಅವರು ಒಳನಾಡಿಗೆ ದನದ ಜೊತೆ ಹೋಗಿದ್ದಾರೆ, ಬಂದ ಮೇಲೆ ತಿಳಿಸುತ್ತೇವೆ. ಮತ್ತೆ ಸುದ್ದಿಯಿಲ್ಲ. ಅಣ್ಣ ಅವರ ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತವನು ತಟ್ಟನೆ ತಲೆಯೆತ್ತಿದ. ಅವರು ಕಾಗದ ಬರೆಯುತ್ತಿದ್ದದ್ದು ಆ ಆಫೀಸಿನ ಹಾಳೆಯಲ್ಲೇ. ಮೇಲ್ಗಡೆ ನೀಲಿ ಅಕ್ಷರದಲ್ಲಿ ವಿಳಾಸ ಅಚ್ಚಾಗಿತ್ತು, ಅದರ ಕೆಳಗೆ ಟೆಲಿಫೋನ್ ನಂಬರು.

ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಿದ್ಧಲಿಂಗಪ್ಪನವರ ಆಫೀಸಿನಲ್ಲಿ ಫೋನಿತ್ತು. ನಮಗೆ ದೂರದ ನೆಂಟರು. "ಬ್ರೆಜಿಲ್ಲಿಗಾ? ದಾವಣಗೆರಿಗೇ ಒಂದೊಂದು ಸಲ ಸಿಗೂದಿಲ್ರೀ" ಎಂದು ನಕ್ಕರು. ನನ್ನ ಕುತ್ತಿಗೆ ನೋಡಿದ ಮೇಲೆ ನಗಲಿಲ್ಲ. ಎಕ್ಸ್‌ಚೇಂಜಿಗೆ ತಾವೇ ಹೋಗಿ ವಿಚಾರಿಸಿಕೊಂಡು ಬಂದರು. ಇಲ್ಲಿಂದ ಶಿವಮೊಗ್ಗ, ಅಲ್ಲಿಂದ ಬೆಂಗಳೂರು, ಬೊಂಬಾಯಿ, ಬೊಂಬಾಯಿಯಿಂದ ಗಾಳಿಯಲ್ಲಿ ರೇಡಿಯೋ ಮೂಲಕ ಲಂಡನ್, ಲಂಡನ್ನಿನಿಂದ ಬ್ರೆಜಿಲ್. ಮೂರು ನಿಮಿಷ. ಪಿ.ಪಿ. ಕಾಲ್ ಮಾಡಬೇಕಂತೆ, ಅಂದರೆ ಯಾರ ಹೆಸರು ಬರೆಸುತ್ತೇವೋ ಆ ಮನುಷ್ಯನೇ ಸಿಕ್ಕರೆ ಮಾತ್ರ ಜೋಡಿಸುತ್ತಾರೆ. ಅಣ್ಣ ಹೆಸರು ಬರೆಸಿದ. ನಮಗೆ ಸಂಜೆ ಐದಾದರೆ ಅಲ್ಲಿ ಬೆಳಿಗ್ಗೆ ಎಂಟೂವರೆ. ದಿನವೂ ನಾಲ್ಕರಿಂದ ಆರರವರೆಗೆ ಗಿರಣಿಯಲ್ಲಿ ಕೂತು ಕಾಯಬೇಕು. ಗಿರಣಿ ತಿರುಗುತ್ತಿದ್ದರೆ ಏನೂ ಕೇಳುವುದಿಲ್ಲವಲ್ಲ, ಅದಕ್ಕೆ ಸಿದ್ಧಲಿಂಗಪ್ಪನವರು ಆ ಎರಡು ತಾಸು ಬೆಲ್ಟ್ ನಿಲ್ಲಿಸಿಬಿಟ್ಟರು. ಭತ್ತ ತಂದ ರೈತರು ಗಾಡಿಯಡಿ ಕೂತು ಬೀಡಿ ಸೇದುತ್ತಾ, ಬ್ರೆಜಿಲ್ ಬಂತೇನ್ರೀ ಎಂದು ಕೇಳುತ್ತಿದ್ದರು.

ಬರಲಿಲ್ಲ. ಮೊದಲ ದಿನ ಬೊಂಬಾಯಿಯವರೆಗೆ ಹೋಗಿ ನಿಂತಿತು. ಎರಡನೇ ದಿನ ಗಾಳಿ ಸರಿಯಿಲ್ಲ ಎಂದರು. ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂತು ಆ ಕರಿಯ ಫೋನನ್ನು ನೋಡಿ ನೋಡಿ ನನಗೆ ಅದರ ಮೇಲೆ ದ್ವೇಷ ಬಂತು. ಗಾಳಿ ತುಂಬ ಹೊಟ್ಟಿನ ದೂಳು. ಕೆಮ್ಮು ಬಂದರೆ ಉಸಿರು ಕಟ್ಟುತ್ತದೆ ಎಂದು ಸೆರಗು ಮೂಗಿಗೆ ಹಿಡಿದೇ ಕೂತಿರುತ್ತಿದ್ದೆ.

ಮೂರನೇ ದಿನ ಅಣ್ಣ ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ. ಸಿದ್ಧಲಿಂಗಪ್ಪನವರು ಹಿತ್ತಲಲ್ಲಿ ಎಂಜಿನ್ ಹತ್ತಿರ ಇದ್ದರು. ಫೋನು ಹೊಡೆದುಕೊಂಡಿತು.

ಎತ್ತಿದೆ. ನಾನು ಫೋನು ಮುಟ್ಟಿದ್ದೇ ಅದು ಮೊದಲು.

"ಬೆಂಗಳೂರು ಟ್ರಂಕ್ಸ್. ಬ್ರೆಜಿಲ್ ಕಾಲ್ ನಿಮ್ಮದೇನಾ ಅಮ್ಮಾ?" ಹೆಂಗಸಿನ ದನಿ, ನಮ್ಮ ಕನ್ನಡವೇ. "ಲೈನ್ ಸಿಕ್ಕಿದೆ. ಪಿ.ಪಿ. ಕಾಲ್. ಯಾರ ಹತ್ರ ಮಾತಾಡ್ಬೇಕು?"

"ನಮ್ಮ ಮನೆಯವರ ಹತ್ರ."

"ಹೆಸರು ಹೇಳಿ ಅಮ್ಮಾ. ಆ ಕಡೆ ಇಬ್ಬರು ಇಂಡಿಯಾದವರು ಇದಾರಂತೆ. ಬರೆಸಿದ್ರೂ ಕೂಡಿಸೋವಾಗ ಇನ್ನೊಮ್ಮೆ ಬೊಂಬಾಯಿಗೆ ಸರಿಯಾಗಿ ಹೆಸರು ಹೇಳ್ಬೇಕು."

ಬಾಯಿಗೆ ಬೀಗ ಬಿತ್ತು.

ಓದುವವರು ನಗಬಹುದು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ. ಆಡಿದರೆ ಅವರ ಆಯುಸ್ಸು ಸವೆಯುತ್ತದೆ ಎಂದು ಅವ್ವ ನನಗೆ ಮೂರು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದಳು. ಆಡಬಹುದಾದದ್ದು ಒಂದೇ ಕಡೆ, ಒಡಪಿನಲ್ಲಿ. ಮದುವೆಯಾಗಿ ಮನೆ ತುಂಬುವ ದಿನ ಗಂಡನ ಅಕ್ಕತಂಗಿಯರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದರೆ ಒಳಗೆ ಬಿಡುತ್ತಾರೆ. ನಾನು ಅದನ್ನೂ ಹೇಳಿದವಳಲ್ಲ. ನಾಚಿಕೆಯಾಗಿ ಹೆಸರಿನ ಜಾಗದಲ್ಲಿ ತುಟಿ ಮಾತ್ರ ಅಲ್ಲಾಡಿಸಿದ್ದೆ. ವಾಲಗದ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೋಸ ಮಾಡಿಯೇ ಒಳಗೆ ಬಂದವಳು ನಾನು.

"ಹೆಸರು ಅಮ್ಮಾ?"

ಅಣ್ಣನಿಗಾಗಿ ಬಾಗಿಲು ನೋಡಿದೆ. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು. ಆ ದೂರದ ದೇಶದಲ್ಲಿ, ಕಾಡಿನಲ್ಲೋ ಬಯಲಲ್ಲೋ, ಇನ್ನೂ ಹದಿನಾಲ್ಕು ತಿಂಗಳು ಒಬ್ಬರೇ ಇರಬೇಕಾದವರ ಆಯುಸ್ಸನ್ನು ನಾನು ನನ್ನ ಉಸಿರಿಗಾಗಿ ಸವೆಸಲೇ? ಹೀಗೆಲ್ಲ ಯೋಚನೆ ಬಂತು. ನಿಜವಾಗಿ ಬಂತು.

"ಸ್ವಲ್ಪ ತಡೀರಿ, ಅಣ್ಣ ಬರ್ತಾನೆ" ಎಂದೆ.

"ಬೊಂಬಾಯಿಯವರು ತಡೆಯೋದಿಲ್ಲ ಅಮ್ಮಾ. ಹೆಸರು ಹೇಳದಿದ್ರೆ ಕಾಲ್ ಕ್ಯಾನ್ಸಲ್ ಆಗುತ್ತೆ."

ಸುಮ್ಮನಿದ್ದೆ. ಕಿವಿಯಲ್ಲಿ ಭೋರ್ ಎಂದಿತು. ಆಮೇಲೆ ಏನೂ ಇಲ್ಲ.

ಅಣ್ಣ ಬಂದು ಕೇಳಿ, ಎರಡು ಕೈಯಿಂದಲೂ ತಲೆ ಹಿಡಿದುಕೊಂಡ. ಅವನದು ಮೂಗಿನ ತುದಿಯ ಕೋಪ. "ಗಂಡನ ಹೆಸ್ರು ಹೇಳಾಕಾಗ್ದೆ ಸಾಯ್ತೀಯನೇ? ಹಂಗಾದ್ರೆ ಸಾಯಿ!" ಎಂದ. ಹೇಳಿದವನೇ ಗಿರಣಿಯ ಹೊರಗೆ ಹೋಗಿ ಅತ್ತ. ಮಾರನೆಯ ದಿನ ಅವನು ಊರಿಗೆ ಹೋಗಲೇಬೇಕಾಯಿತು. ಸೊರಬದ ಕಾಡಿನ ಕಡೆ ಮಂಗಗಳು ಸಾಯುತ್ತಿವೆ, ಸೌದೆಗೆ ಹೋದವರಿಗೂ ಜ್ವರ ಬರುತ್ತಿದೆ ಎಂದು ಸುದ್ದಿಯಾಗಿ, ಅತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಹೆದರಿ ಕೂತಿದ್ದಳು. ಅವನನ್ನು ತಡೆಯಲು ನನಗೆ ಮುಖವಿರಲಿಲ್ಲ.

ಮತ್ತೆ ತಾಳಗುಂದ. ಮತ್ತೆ ಭತ್ತದ ಚೀಲ.

ಒಂದು ಮಧ್ಯಾಹ್ನ ರೊಟ್ಟಿಯ ಚೂರು ಸಿಕ್ಕಿಹಾಕಿಕೊಂಡಿತು. ಕೆಳಗೂ ಇಳಿಯಲಿಲ್ಲ, ಮೇಲೂ ಬರಲಿಲ್ಲ. ಉಸಿರು ಎಳೆದರೆ ಏನೂ ಒಳಗೆ ಬರುತ್ತಿಲ್ಲ. ಕಂಬ ಹಿಡಿದುಕೊಂಡೆ. ತಟ್ಟೆ ಉರುಳಿತು. ಎದುರಿಗೆ ಉಣ್ಣುತ್ತಿದ್ದ ಮಾವ ಎದ್ದು, ಎಂಜಲು ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದರು. ಮುಟ್ಟಬಾರದ ಮಾವ, ಸೊಸೆಯನ್ನು ಬಗ್ಗಿಸಿ ಹಿಡಿದು, ದನಕ್ಕೆ ಗುದ್ದಿದ ಹಾಗೆ ಗುದ್ದಿದರು. ಚೂರು ಹೊರಬಿತ್ತು. ನಾನು ನೆಲದ ಮೇಲೆ ಕೂತು ಗಾಳಿ ಕುಡಿದೆ.

ಮಾವ ತಮ್ಮ ಕೈ ನೋಡಿಕೊಂಡರು.

"ನಡಿ. ಮತ್ತ ಫೋನ್ ಹಚ್ಚಸೂಣು. ನಾನೂ ಬರ್ತೀನಿ."

ಅವರು ಬರುತ್ತೇನೆಂದದ್ದು ಧೈರ್ಯ ತರಬೇಕಿತ್ತು. ನನಗೆ ಇನ್ನಷ್ಟು ಹೆದರಿಕೆಯಾಯಿತು. ಒಬ್ಬಳೇ ಇದ್ದಾಗ ಹೇಳಲಾರದ ಹೆಸರನ್ನು ಅವರ ಅಪ್ಪನ ಎದುರು ಹೇಗೆ ಹೇಳುವುದು? ಮಾವನ ಕೈಗೇ ಫೋನು ಕೊಟ್ಟುಬಿಡೋಣ ಎಂದರೆ ಅವರಿಗೆ ಎಡಗಿವಿ ಕೇಳುತ್ತಿರಲಿಲ್ಲ, ಬಲಗಿವಿಯೂ ಅಷ್ಟಕ್ಕಷ್ಟೇ. ಸಿದ್ಧಲಿಂಗಪ್ಪನವರನ್ನು ಕೇಳಬಹುದಿತ್ತು. ಅವರು ಆ ವಾರ ಆನವಟ್ಟಿಗೆ ಹೋಗಿದ್ದರು. ಗಿರಣಿಯ ಮೇಸ್ತ್ರಿ ಬೆಲ್ಟ್ ನಿಲ್ಲಿಸಿಕೊಟ್ಟ. ಬಸ್ಸಿನ ದಾರಿಯುದ್ದಕ್ಕೂ ನಾನು ಒಂದು ಲೆಕ್ಕ ಹಾಕಿದ್ದೆ. ದನಿ ಹೋಗಬಹುದು ಎಂದಿದ್ದಾರೆ. ಹೋದ ಮೇಲೆ ಹೇಳಬೇಕೆಂದರೂ ಹೇಳಲಾಗುವುದಿಲ್ಲ. ಹೇಳುವುದಿದ್ದರೆ ಈ ದನಿ ಇರುವಾಗಲೇ. ಹೊಸ್ತಿಲಿಗೆ ಅಡ್ಡ ನಿಂತವರಿಗೆ ಹೇಳುವ ಹಾಗೆ ಹೇಳಿದರೆ ತಪ್ಪಿಲ್ಲವಲ್ಲ. ತಾಳಗುಂದದಿಂದ ಶಿಕಾರಿಪುರ ಬರುವಷ್ಟರಲ್ಲಿ ಪ್ರಾಸ ಕೂಡಿಸಿದೆ.

ಎರಡನೇ ದಿನ ಐದು ಗಂಟೆ ದಾಟಿದ ಮೇಲೆ ಫೋನು ಹೊಡೆದುಕೊಂಡಿತು.

"ಬೆಂಗಳೂರು ಟ್ರಂಕ್ಸ್. ಬ್ರೆಜಿಲ್." ಅದೇ ಹೆಂಗಸು. ನನ್ನ ಉಸಿರಿನ ಸದ್ದು ಕೇಳಿಯೋ ಏನೋ, ಗುರುತು ಹಿಡಿದಳು. "ಅಮ್ಮಾ, ಈ ಸಲ ಎಲ್ಲ ಲೈನೂ ಕೂಡಿಸಿಬಿಟ್ಟಿದೀವಿ, ಆ ಕಡೆಯವರೂ ಕೇಳ್ತಾ ಇದಾರೆ. ಹೆಸರು ಹೇಳಿ."

ಮಾವನಿಗೆ ಬೆನ್ನು ಮಾಡಿ ನಿಂತೆ. ಕಣ್ಣು ಮುಚ್ಚಿದೆ. ಎಷ್ಟು ಉಸಿರಿತ್ತೋ ಅಷ್ಟನ್ನೂ ಕೂಡಿಸಿಕೊಂಡು ಕೂಗಿದೆ.

"ಹಡಗೇರಿ ಹೋದವು ಹನ್ನೆರಡು ಹೋರಿ, ಹೋರಿ ಹಿಂದ ಹೋದರು ಕಡಲು ಹಾರಿ, ರುದ್ರಪ್ಪನವರ ಹೆಸರು ಹೇಳೀನಿ, ಬಿಡ್ರಿ ದಾರಿ!"

ಬೆಂಗಳೂರಿನ ಆ ಹೆಂಗಸು, ನಗುತ್ತಿದ್ದಳೋ ಅಳುತ್ತಿದ್ದಳೋ, "ಬಿಟ್ಟೆ ಅಮ್ಮಾ, ಬಿಟ್ಟೆ" ಎಂದಳು. ಬೊಂಬಾಯಿಯವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಬೊಂಬಾಯಿ ಲಂಡನ್ನಿಗೆ ಹೇಳಿತು. ಒಬ್ಬರ ಹಿಂದೊಬ್ಬರು ರುದ್ರಪ್ಪ, ರುದ್ರಪ್ಪ ಎಂದು ಹೇಳುತ್ತಾ ಹೋದರು, ಒಂದೊಂದು ಬಾಯಲ್ಲಿ ಒಂದೊಂದು ಥರ. ಆಯುಸ್ಸು ಸವೆಯುವುದಿದ್ದರೆ ಲಂಡನ್ನಿನವಳೂ ಸವೆಸಿದಳಲ್ಲ ಎಂದು ನನಗೆ ಸಮಾಧಾನವಾಯಿತು.

ಆಮೇಲೆ ಅಲೆ ಬಂದು ಹೋದಂಥ ಸದ್ದಿನೊಳಗಿಂದ ಅವರ ದನಿ.

"ಹಲೋ! ಯಾರು? ಊರಿಂದನಾ?"

"ನಾನು!" ಎಂದೆ.

"ಹಲೋ! ಯಾರದು? ಏನೂ ಕೇಳಸವಲ್ಲದು!"

ಅಷ್ಟರಲ್ಲಿ ಲೈನಿಗೆ ಏನಾಗಿತ್ತೋ, ಅವರ ಮಾತು ಈ ಕಡೆ ಬರುತ್ತಿತ್ತು, ನಮ್ಮದು ಆ ಕಡೆ ಹೋಗುತ್ತಿರಲಿಲ್ಲ. ಮತ್ತೆ ಕೂಗಿದೆ. ಉಸಿರು ಮುಗಿಯಿತು. ಅವರ ದನಿ ಒಡೆಯಿತು.

"ಅಪ್ಪಾ ಹೋದನೇನು? ಹೇಳ್ರೀ, ಅಪ್ಪಾ ಹೋದನಾ? ಅದಕ್ಕಾ ಫೋನ್ ಮಾಡೀರೇನು? ಅಯ್ಯೋ ಅಪ್ಪಾ!"

ಸಾವಿನ ಸುದ್ದಿಯಲ್ಲದೆ ಇಷ್ಟು ದೂರ ಯಾರು ಫೋನು ಮಾಡುತ್ತಾರೆ? ಎಲ್ಲರೂ ಕ್ಷೇಮ ಎಂದು ಬರೆದು ಬರೆದು ನಾವೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದೆವು. ಫೋನನ್ನು ಮಾವನ ಬಲಗಿವಿಗೆ ಹಿಡಿದೆ. ಅಷ್ಟು ದೂರದಿಂದ ಮಗ ತಮಗಾಗಿ ಬಾಯಿ ಬಿಟ್ಟು ಅಳುವುದನ್ನು ಅವರು ಕೇಳಿಸಿಕೊಂಡರು.

"ಅದೀನೋ! ಜೀವಂತ ಅದೀನೋ ನಿಮ್ಮಪ್ಪ!" ಎಂದು ಗಿರಣಿ ಅದುರುವ ಹಾಗೆ ಕಿರುಚಿದರು. ಹೊರಗಿದ್ದ ರೈತರು ಎದ್ದು ಬಂದರು. ಆ ಕಡೆ ಅಳು ನಿಲ್ಲಲಿಲ್ಲ.

ನಾನು ಫೋನು ಕಿತ್ತುಕೊಂಡೆ. "ಅಕ್ಕಾ, ನೀವು ಹೇಳ್ರಿ" ಎಂದೆ. ಬೆಂಗಳೂರಿನ ಹೆಂಗಸನ್ನು ಅಕ್ಕಾ ಎಂದದ್ದು ಯಾವ ಲೆಕ್ಕದಲ್ಲೋ. "ಮಾವ ಚೆನ್ನಾಗಿದಾರೆ. ನನ್ನ ಗಂಟಲಿಗೆ ಆಪರೇಶನ್ ಆಗಬೇಕು. ಸಹಿ ಯಾರು ಹಾಕಬೇಕು ಕೇಳ್ರಿ." ಅವಳ ಮಾತು ಬೊಂಬಾಯಿಗೆ ಮುಟ್ಟುತ್ತಿತ್ತಂತೆ. ಬೊಂಬಾಯಿಗೆ ಹೇಳಿದಳು, ಬೊಂಬಾಯಿಯವರು ಲಂಡನ್ನಿಗೆ, ಲಂಡನ್ನಿನವರು ಆ ಕಡೆಗೆ ಮುಟ್ಟಿಸಿದರು. ನನ್ನ ಗಂಟಲಿನ ಕಥೆ ಮೂರು ಜನರ ಬಾಯಿ ದಾಟಿ ಅವರಿಗೆ ಹೋಯಿತು. ಅಷ್ಟು ಹೊತ್ತೂ ಅವರು ಬಿಕ್ಕುವುದು ಕೇಳುತ್ತಿತ್ತು. ಮೂಗು ಒರೆಸಿಕೊಂಡದ್ದೂ ಕೇಳಿತು.

ಆಮೇಲೆ ಅವರ ದನಿ ಗಟ್ಟಿಯಾಗಿ ಬಂತು.

"ಅಪ್ಪನ ಕೈಲೆ ಸಹಿ ಹಾಕಸಬ್ಯಾಡ್ರಿ. ತಂಗೀದು ಆದ ಮ್ಯಾಲ ಅವನ ಕೈಲೆ ಆಗೂದಿಲ್ಲ ಅದು. ಆಕಿನಾ ಹಾಕ್ಲಿ. ಆಕಿ ಕುತ್ತಿಗಿ, ಆಕಿನಾ ಹಾಕ್ಲಿ. ಲಗೂನ ಮಾಡಸ್ಕೊ ಅನ್ರಿ."

ಮೂರು ನಿಮಿಷ ಮುಗಿಯಿತು.

ಮಾವ ಭತ್ತದ ಚೀಲದ ಮೇಲೆ ಕೂತಿದ್ದರು. ಮಗ ಏನೆಂದ ಎಂದು ಕೇಳಿದರು. ಹೇಳಿದೆ. ಧೋತರದ ತುದಿಯಲ್ಲಿ ಮುಖ ಒರೆಸಿಕೊಂಡರು. "ಅವನಿಗೆ ಗೊತ್ತೈತಿ" ಎಂದರು. ನಾನು ಹೆಸರು ಹಿಡಿದದ್ದರ ಬಗ್ಗೆ ಅವತ್ತಿನಿಂದ ಇವತ್ತಿನವರೆಗೆ ಅವರು ಒಂದು ಮಾತೂ ಎತ್ತಿಲ್ಲ. ಬಲಗಿವಿಗೆ ಕೇಳಿಸಲಿಲ್ಲವೋ, ಕೇಳಿಸಲಿಲ್ಲ ಎಂದು ಮಾಡಿಕೊಂಡರೋ.

ಸರ್ಜನ್ ಫಾರ್ಮನ್ನು ನನ್ನ ಮುಂದೆ ಸರಿಸಿದರು. "ಪೇಶಂಟೇ ಹಾಕಬಹುದು, ಅಡ್ಡಿಯಿಲ್ಲ" ಎಂದರು.

ಅಡ್ಡಿಯಿಲ್ಲ!

ನಾಲ್ಕು ತಿಂಗಳು. ತಂತಿ, ಗಿರಣಿ, ಲಂಡನ್ನು. ಅಡ್ಡಿಯಿಲ್ಲವಂತೆ. ನಾನೇ ಹಾಕಲೇ ಎಂದು ನಾನು ಕೇಳಿರಲಿಲ್ಲ, ನೀನೇ ಹಾಕು ಎಂದು ಯಾರೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಪೆನ್ನು ಒತ್ತಿದ ರಭಸಕ್ಕೆ ಶಾಯಿ ಚೆಲ್ಲಿತು. ಫಾರ್ಮಿನಲ್ಲಿ ನನ್ನ ಹೆಸರು ಗಂಗಮ್ಮ ಎಂದು ಬರೆದೆ. ಕೆಳಗೆ ಗಂಡನ ಹೆಸರು ಎಂದು ಇತ್ತು. ಅದನ್ನೂ ಬರೆದೆ, ಪ್ರಾಸವಿಲ್ಲದೆ.

ಕರಿಮಣಿ ಬಿಚ್ಚಿ ಮಾವನ ಕೈಗೆ ಕೊಡಿ ಎಂದರು. ಇಷ್ಟಲಿಂಗ ಇಟ್ಟ ಲಿಂಗದ ಕಾಯಿಯನ್ನು ಮಾತ್ರ ಕೊರಳಿಂದ ಬಿಚ್ಚಲಾರೆ ಎಂದೆ. ನರ್ಸಮ್ಮ ವಾದ ಮಾಡದೆ ಅದನ್ನು ನನ್ನ ಎಡಗೈಗೆ ಬ್ಯಾಂಡೇಜು ಸುತ್ತಿ ಕಟ್ಟಿದಳು. ಮೂಗಿಗೆ ಈಥರ್ ಹಿಡಿದರು. ಒಂದು, ಎರಡು ಎಂದು ಎಣಿಸು ಎಂದರು. ಎಂಟರವರೆಗೆ ನನ್ನ ದನಿ ನನಗೆ ಕೇಳಿದ ನೆನಪಿದೆ.

ಎಚ್ಚರವಾದಾಗ ನಾನು ಅಂಗಾತ ಮಲಗಿದ್ದೆ. ಅಂಗಾತ! ಉಸಿರು ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಹೊರಗೆ ಬರುತ್ತಿತ್ತು. ಇಷ್ಟು ಸಲೀಸಾದ ಕೆಲಸವೇ ಇದು ಎಂದು ಆಶ್ಚರ್ಯವಾಯಿತು. ಮಂಚದ ಪಕ್ಕ ನೆಲದ ಮೇಲೆ ಮಾವ ಕುಕ್ಕರಗಾಲಲ್ಲಿ ಕೂತಿದ್ದರು, ಕರಿಮಣಿ ಸರವನ್ನು ಮುಷ್ಟಿಯಲ್ಲಿ ಹಿಡಿದು. ನೀರು ಎಂದು ಕೇಳಲು ಬಾಯಿ ತೆರೆದೆ.

ದನಿ ಬರಲಿಲ್ಲ.

ಈಗ ಎರಡೂವರೆ ತಿಂಗಳಾಯಿತು. ಅರ್ಧ ಬಂದಿದೆ. ಒಡೆದ ಮಡಕೆಗೆ ಕಡ್ಡಿಯಲ್ಲಿ ಹೊಡೆದ ಹಾಗೆ ಗೊಗ್ಗರು ದನಿ. ಕೂಗಿ ಕರೆಯಲಾರೆ, ಕೋಳಿ ಓಡಿಸಲಾರೆ. "ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಇಷ್ಟೇ. ನೋಡೋಣ" ಎಂದರು ಸರ್ಜನ್. ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆ ಉಳಿದಿದೆ, ಸರಿಯಾಗಿ ಕರಿಮಣಿ ಕೂರುವ ಜಾಗದಲ್ಲಿ. ಉಸಿರಿದೆ. ಸದ್ಯಕ್ಕೆ ನನಗೆ ಅದೇ ದೊಡ್ಡದು. ಬೆಂಗಳೂರಿನ ಆ ಹೆಂಗಸಿನ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ದಿನಕ್ಕೊಮ್ಮೆ ಬೇಸರವಾಗುತ್ತದೆ.

ಹೋದ ವಾರ ಅವರ ಕಾಗದ ಬಂತು, ಅದೇ ನೀಲಿ ಅಕ್ಷರದ ಹಾಳೆಯಲ್ಲಿ. ಯಾವಾಗಲೂ ಅಪ್ಪನ ಹೆಸರಿಗೆ ಬರೆಯುವವರು ಈ ಸಲ ಕೆಳಗೆ ನನಗೂ ನಾಲ್ಕು ಸಾಲು ಬರೆದಿದ್ದರು. ಅವತ್ತು ಫೋನಿನಲ್ಲಿ ಮೊದಲಿಗೆ ಯಾರೋ ಹೆಂಗಸು ತಮ್ಮ ಹೆಸರು ಹಿಡಿದು ಕೂಗಿದ್ದು ಕೇಳಿತಂತೆ. ಆಪರೇಟರ್ ಇರಬೇಕು ಅಂದುಕೊಂಡರಂತೆ. ಒಂಬತ್ತು ವರ್ಷ ಸಂಸಾರ ಮಾಡಿದವಳ ದನಿ ಗುರುತು ಸಿಗಲಿಲ್ಲ, ಯಾಕೆಂದರೆ ಆ ದನಿಯಲ್ಲಿ ಆ ಹೆಸರನ್ನು ಅವರು ಯಾವತ್ತೂ ಕೇಳಿರಲಿಲ್ಲ. ಎರಡು ದಿನ ಬಿಟ್ಟು ಹೋರಿಗೆ ನೀರು ಕುಡಿಸುವಾಗ ತಟ್ಟನೆ ತಿಳಿಯಿತಂತೆ. "ಮನಿ ತುಂಬೋ ದಿನ ನೀನು ಬರೇ ತುಟಿ ಅಲ್ಲಾಡಿಸಿದ್ದಿ, ನಾ ನೋಡಿದ್ದೆ" ಎಂದು ಬರೆದಿದ್ದರು.

ಮಾವ ಉತ್ತರ ಬರೆಸಲು ಕೂತರು. "ಇಲ್ಲಿ ನಾವೆಲ್ಲರೂ ಕ್ಷೇಮ" ಎಂದು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. "ನಿನಗ ಹೆಂಗ ತಿಳೀತೈತೋ ಹಂಗ ಬರಿಯವ್ವಾ" ಎಂದು ಎದ್ದು ಎತ್ತಿನ ಕಡೆ ಹೋದರು.

ಇದ್ದದ್ದನ್ನು ಇದ್ದ ಹಾಗೆ ಬರೆದೆ. ಉಸಿರು ಬಂತು, ದನಿ ಅರ್ಧ ಹೋಯಿತು, ನೀವು ಕೇಳಿದ್ದೇ ಅದರ ಕೊನೆಯದು ಇರಬಹುದು. ಇನ್ನೂ ಒಂದು ಬರೆಯುವುದಿತ್ತು, ಅದನ್ನು ಬರೆಯಲಿಲ್ಲ. ನಾಲ್ಕು ಸಾಲು ಬರೆದರಲ್ಲ, ಅದರಲ್ಲೂ ಅವರು ನನ್ನ ಹೆಸರು ಬರೆದಿಲ್ಲ. ಒಂಬತ್ತು ವರ್ಷದಿಂದ ನಾನು ಅವರಿಗೆ 'ಏ, ಇಲ್ಲೆ ಬಾ'. ಬರಲಿ. ಹಡಗು ಇಳಿದು, ರೈಲು ಇಳಿದು, ಬಸ್ಸು ಇಳಿದು ಬರಲಿ. ಆ ದಿನ ಹೊಸ್ತಿಲಿಗೆ ಅಡ್ಡ ನಿಲ್ಲುವವಳು ನಾನು.